ದವಡೆಯ ಹಲ್ಲಿಗೆ ಪಿಂಗಾಣಿಯ ಕಿರೀಟ

ಹಲ್ಲಿನ ವಿಚಾರವು ಈ ಪತ್ರಿಕೆಯಲ್ಲಿ ಏಕೆ ಬರಬೇಕೆಂದು ವಾಚಕಮಹಾಶಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಶಿಕ್ಷಾಗ್ರಂಥಗಳೂ ಪ್ರಾತಿಶಾಖ್ಯಗಳೂ ತವರ್ಗಕ್ಕೆ ಸ್ಥಾನವೆಂದು ಹೇಳುವುದು ಮುಂದಿನ ಹಲ್ಲುಗಳ ಮೂಲವನ್ನು. ಕವರ್ಗಕ್ಕೆ ಹನುಮೂಲವನ್ನು ಸ್ಥಾನವಾಗಿ ಎಣಿಸಿದವರುಂಟಾದರೂ ಹನುವು ಬೇರೆ, ಅದರಲ್ಲಿ ನೆಟ್ಟಿರುವ ಹಲ್ಲು ಬೇರೆ. ಆದಕಾರಣ ದವಡೆಯ ಹಲ್ಲುಗಳು ಯಾವ ಅಕ್ಷರಕ್ಕೂ ಬೇಕಾದವುಗಳಲ್ಲವೆಂದು ನನ್ನಂತಹ ಶಾಬ್ದಿಕನು ಅವುಗಳನ್ನು ಉಪೇಕ್ಷಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಈ ಉಪೇಕ್ಷೆಯ ಫಲವಾಗಿ ಕೆಳದವಡೆಯ ಎಡಭಾಗದ ಮೊದಲನೆಯ ದೊಡ್ಡ ಹಲ್ಲು ಹುಳುಕು ಹಿಡಿದು, ಬೇರಿನ ನಾಳವನ್ನು ಶೋಧಿಸಿ ತುಂಬುವ ಚಿಕಿತ್ಸೆಗೆ ಒಳಗಾಯಿತು. ಅದು ಮುಗಿದ ದಿನ ವೈದ್ಯೆಯು (ಆಕೆ ಹಿಂದೆ ನನ್ನಲ್ಲಿ ಕನ್ನಡವನ್ನು ಓದಿದವಳು) ಎರಡು ಬಿಳಿಯ ಕವಚಗಳನ್ನು ಅಂಗೈಯಲ್ಲಿಟ್ಟು, “ಮೇಷ್ಟ್ರೇ, ಇವೆರಡರಲ್ಲಿ ಯಾವುದನ್ನು ಹಾಕಲಿ? ನೀವೂ ಒಂದು ಮಾತು ಹೇಳಬೇಕು” ಎಂದಳು. ನೋಟಕ್ಕೆ ಎರಡೂ ಒಂದೇ. ಭೇದವೇನೆಂದು ಕೇಳಲು ಆಕೆ ಕೊಟ್ಟ ಉತ್ತರದಲ್ಲಿ ಕ್ರಿಯಾಪದಗಳ ಹೊರತು ಕನ್ನಡವೆಂಬುದು ಇರಲಿಲ್ಲ. ಅದು ಆಕೆಯ ತಪ್ಪಲ್ಲ. ಕನ್ನಡ ಕಲಿಸಿದವನು ನಾನೇ. ತಾತ್ಕಾಲಿಕವಾದೊಂದು ಮುಚ್ಚಳವನ್ನು ಹಾಕಿಸಿಕೊಂಡು, ಹದಿನೈದು ದಿನಗಳ ಅವಧಿಯನ್ನು ಬೇಡಿ, ಆಕೆ ಕೊಟ್ಟ ಪುಸ್ತಕಗಳನ್ನು ಓದಿ, ತಿಳಿಯದುದನ್ನು ಮತ್ತೆ ಕೇಳಿ ಗ್ರಹಿಸಿದುದನ್ನು ಇಲ್ಲಿ ಬರೆದಿರುವೆನು.

ಮೊದಲು ಶಬ್ದಗಳ ಮಾತು. ಜನರು ‘ಕ್ಯಾಪು’ ಎನ್ನುವುದನ್ನು ನಾನು ಕಿರೀಟವೆನ್ನುವೆನು. ವಸಡಿನ ಮೇಲೆ ಕಾಣುವ ಹಲ್ಲಿನ ಭಾಗಕ್ಕೆ ಶಾರೀರಶಾಸ್ತ್ರದಲ್ಲಿಯೂ ಅದೇ ಹೆಸರು, ಕೃತಕವಾದುದು ಅದರ ಸ್ಥಾನವನ್ನು ಪಡೆಯತಕ್ಕದ್ದು. ಹಲ್ಲಿನ ಹೊರಗಣ ಗಟ್ಟಿಪದರವನ್ನು ಎಲ್ಲರೂ ಎನಾಮೆಲ್ ಎಂದು ಕರೆಯುತ್ತಿದ್ದರೂ ಸುಶ್ರುತಸಂಹಿತೆಯಲ್ಲಿ ಅದಕ್ಕೆ ‘ದಂತವಲ್ಕ’ವೆಂಬ ಸೊಗಸಾದ ಮಾತು ಇದೆ. ಆ ಸಂಹಿತೆಯ ನಿದಾನಸ್ಥಾನದಲ್ಲಿ ಮುಖರೋಗಗಳು ೬೫ ಎಂದು ಎಣಿಸಿ, ಅವುಗಳಲ್ಲಿ ದಂತಮೂಲಕ್ಕೆ ೧೫ನ್ನೂ ದಂತಕ್ಕೆ ೮ನ್ನೂ ಹಂಚಿದೆ. ಎಂಟರಲ್ಲಿ ‘ಕಪಾಲಿಕಾ’ ಎಂಬುದೊಂದು: ಗಟ್ಟಿಕಟ್ಟಿದ ಶರ್ಕರೆಯೊಡನೆ ಹಲ್ಲಿನ ತೊಗಟೆಯೇ ಚಕ್ಕೆಚಕ್ಕೆಯಾಗಿ ಬೀಳುವುದು. ಕಪಾಲವೆಂದರೆ ಮಡಕೆಯ ಓಡು. ಹಲ್ಲಿನ ಹೊರಪದರಕ್ಕೂ ಕುಂಬಾರನ ಕೃತಿಗೂ ಇರುವ ಹೋಲಿಕೆಯನ್ನು ಪ್ರಾಚೀನರು ಕಂಡಿದ್ದರೆಂಬುದು ಇದರಿಂದ ವಿದಿತವಾಗುವುದು. ಕಿರೀಟವನ್ನು ತೊಡಿಸುವ ಚಿಕಿತ್ಸೆಯನ್ನು ಮಾತ್ರ ಅಲ್ಲಿ ಹುಡುಕಬಾರದು. ಶಬ್ದವು ದೊರೆತ ಮಾತ್ರಕ್ಕೆ ಅರ್ಥವೂ ದೊರೆಯಿತೆಂದು ಹೇಳುವ ಪಾಂಡಿತ್ಯವು ನನಗೆ ಒಪ್ಪಿಗೆಯಾದುದಲ್ಲ. ದಂತವಲ್ಕದ ಕೆಳಗಿರುವ ಹಳದಿಯ ಮುಖ್ಯಭಾಗವನ್ನು ದಂತಧಾತುವೆಂದು ಕರೆಯೋಣ.

ನಾಳಚಿಕಿತ್ಸೆಯಾದ ದವಡೆಯ ಹಲ್ಲು ಒಳಗಿನಿಂದ ಕೊರೆಯಲ್ಪಟ್ಟು ಟೊಳ್ಳಾಗಿರುವುದರಿಂದ, ಅಗಿಯುವಾಗ ಅದರ ಗೋಡೆಗಳು ಎರಡು ಕಡೆಗೂ ಬಾಗಿ ಸೀಳಿಹೋಗುವ ಭಯವುಂಟು. ಕಿರೀಟವು ಪೀಪಾಯಿಯ ಕಬ್ಬಿಣದ ಪಟ್ಟಿಯಂತೆ ಅವನ್ನು ಸುತ್ತಲೂ ಹಿಡಿಯುತ್ತದೆ. ಮುಂದಿನ ಹಲ್ಲಿಗಿಂತ ಹಿಂದಿನ ಹಲ್ಲಿಗೆ ಅಪಾಯವು ಹೆಚ್ಚೇಕೆಂಬುದು ಅಡಕತ್ತರಿಯನ್ನು ಹಿಡಿದವರಿಗೆಲ್ಲ ಗೊತ್ತು. ಅಡಕೆಯನ್ನು ತುದಿಯಲ್ಲಿಟ್ಟರೆ ಅದು ಜಾರುವುದು. ಕೀಲಿನ ಹತ್ತಿರಕ್ಕೆ ಸರಿಸಿದರೆ ಅದೇ ಕೈಯ ಅದೇ ಬಲಕ್ಕೆ ಹೋಳಾಗುವುದು. ದವಡೆಯ ಕೀಲು ಕಿವಿಯ ಮುಂದೆ ಇರುವುದು. ಅದಕ್ಕೆ ಸಮೀಪವಾದ ಹಲ್ಲಿನ ಮೇಲೆ ಬೀಳುವ ಬಲವು, ಗಟ್ಟಿಯಾಗಿ ಕಚ್ಚಿದಾಗ, ೫೦೦ ನ್ಯೂಟನ್ನುಗಳನ್ನು ಮೀರುವುದುಂಟು. ಎಂದರೆ ಸುಮಾರು ೫೦ ಕಿಲೋಗ್ರಾಂ ತೂಕವು ಒಂದು ಹಲ್ಲಿನ ನೆತ್ತಿಯ ಮೇಲೆ ನಿಂತಂತೆ.

ಈ ಭಾರವನ್ನು ಹೊರಲು ಬಹುಕಾಲ ಚಿನ್ನವೇ ಯೋಗ್ಯವೆನಿಸಿತ್ತು. ಅಮೆರಿಕದ ಡೆಟ್ರಾಯಿಟ್ ನಗರದ ಚಾರ್ಲ್ಸ್ ಲ್ಯಾಂಡ್ ಎಂಬ ದಂತವೈದ್ಯನು ಬರಿಯ ಪಿಂಗಾಣಿಯ ಕಿರೀಟವನ್ನು ೧೯೦೩ರ ವೇಳೆಗೆ ಬಳಕೆಗೆ ತಂದನಾದರೂ ಅದು ಮುಂದಿನ ಹಲ್ಲುಗಳಿಗೆ ಶೋಭೆಯಾಯಿತೇ ವಿನಾ ಹಿಂದೆ ನಿಲ್ಲಲಿಲ್ಲ. ೧೯೬೨ರಲ್ಲಿ ಲೋಹದ ಟೋಪಿಗೆ ಪಿಂಗಾಣಿಯನ್ನು ಕಾಯಿಸಿ ಅಂಟಿಸುವ ಕ್ರಮಕ್ಕೆ ಅಮೆರಿಕದಲ್ಲಿ ಪೇಟೆಂಟುಗಳು ದೊರೆತವು. ೧೯೬೫ರಲ್ಲಿ ಮ್ಯಾಕ್ಲೀನ್ ಮತ್ತು ಹ್ಯೂಸ್ ಎಂಬವರು ಪಿಂಗಾಣಿಯೊಳಗೆ ಅಲ್ಯೂಮಿನದ ಕಣಗಳನ್ನು ಸೇರಿಸಿ ಅದನ್ನು ಬಲಪಡಿಸುವ ಮಾರ್ಗವನ್ನು ತೋರಿಸಿದರು. ಲೋಹವಿಲ್ಲದ ಕಿರೀಟವು ದವಡೆಯವರೆಗೆ ನಡೆದುಬಂದುದು ಈ ಎರಡನೆಯ ದಾರಿಯಿಂದ.

ಪಿಂಗಾಣಿಯ ದೋಷವು ಮೃದುತ್ವವಲ್ಲ, ಭಿದುರತೆ. ಒತ್ತುವ ಬಲವನ್ನು ಅದು ಚೆನ್ನಾಗಿ ತಾಳುವುದು. ಎಳೆಯುವ ಬಲವನ್ನು ತಾಳಲಾರದು. ಮೇಲಿನಿಂದ ಕಚ್ಚಿದಾಗ ಕಿರೀಟದ ಒಳಮೈ ಸ್ವಲ್ಪ ಬಾಗಿ ಎಳೆತಕ್ಕೆ ಸಿಕ್ಕುವುದು. ಅಲ್ಲಿ ಕಣ್ಣಿಗೆ ಕಾಣದ ಗೀರೊಂದಿದ್ದರೆ ಬಿರುಕು ಅಲ್ಲಿಂದ ಹೊರಟು ಮೇಲಕ್ಕೆ ಓಡುವುದು. ಆದುದರಿಂದ ಬಲದ ಪರೀಕ್ಷೆಯೆಂದರೆ ಬಾಗಿಸಿ ಮುರಿಯುವ ಪರೀಕ್ಷೆ. ಅದರ ಮಾನವು ಮೆಗಾಪಾಸ್ಕಲ್. ಹಳೆಯ ಪಿಂಗಾಣಿಯು ೬೦ರಿಂದ ೧೦೦ರೊಳಗೆ ಮುರಿಯುವುದು. ಲಿಥಿಯಂ ಡೈಸಿಲಿಕೇಟ್ ಎಂಬುದು ೩೬೦ರಿಂದ ೪೦೦ರವರೆಗೂ, ಕೆಲವು ವೇಳೆ ಅದಕ್ಕೂ ಮೀರಿ ತಾಳುವುದು. ಜಿರ್ಕೋನಿಯದ ಗಟ್ಟಿಜಾತಿಯು ೯೦೦ರಿಂದ ೧೨೦೦ರವರೆಗೆ. ವೈದ್ಯೆಯ ಅಂಗೈಯಲ್ಲಿದ್ದ ಎರಡು ಕವಚಗಳು ಇವೇ.

ಲಿಥಿಯಂ ಡೈಸಿಲಿಕೇಟ್ ಒಂದು ಗಾಜುಪಿಂಗಾಣಿ. ಗಾಜಿನ ನಡುವೆ ಸೂಜಿಯಂತಹ ಸಣ್ಣ ಹರಳುಗಳು ಒಂದರೊಡನೊಂದು ಹೆಣೆದುಕೊಂಡು, ಒಟ್ಟು ಗಾತ್ರದಲ್ಲಿ ನೂರಕ್ಕೆ ಸುಮಾರು ೭೦ ಪಾಲನ್ನು ತುಂಬಿರುವುವು. ಬಿರುಕು ನೆಟ್ಟಗೆ ಓಡಲಾರದೆ ಸುತ್ತಿ ಬಳಲಬೇಕಾಗುವುದು. ಇದನ್ನು ತಯಾರಿಸುವ ಒಂದು ಕ್ರಮವನ್ನು ಕೇಳಿದಾಗ ನನಗೆ ಪರಿಚಿತರನ್ನು ಕಂಡಷ್ಟು ಸಂತೋಷವಾಯಿತು. ಕಿರೀಟವನ್ನು ಮೊದಲು ಮೇಣದಲ್ಲಿ ತಿದ್ದಿ, ಅದರ ಸುತ್ತ ಅಚ್ಚಿನ ಮಣ್ಣನ್ನು ಹೊಯ್ದು, ಕಾಯಿಸಿ ಮೇಣವನ್ನು ಕಳೆದು, ಉಳಿದ ಬಯಲಿನೊಳಗೆ ಸುಮಾರು ೯೨೦ ಡಿಗ್ರಿಯ ಕಾವಿನಲ್ಲಿ ಮೆದುವಾದ ಗಾಜುಪಿಂಗಾಣಿಯನ್ನು ಒತ್ತುವರು. ಇದು ನಮ್ಮ ಶಿಲ್ಪಿಗಳ ಮಧೂಚ್ಛಿಷ್ಟವಿಧಾನವಲ್ಲದೆ ಬೇರೆಯಲ್ಲ. ೧೨ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಲೋಹದ ವಿಗ್ರಹಗಳಿಗೆ ಈ ವಿಧಾನವು ವರ್ಣಿತವಾಗಿದೆ. ದ್ರವ್ಯ ಬೇರೆ, ಪ್ರಯೋಜನ ಬೇರೆ, ಯುಕ್ತಿಯೊಂದೇ.

ಜಿರ್ಕೋನಿಯದ ಸಂಗತಿ ಇನ್ನೂ ಸ್ವಾರಸ್ಯವಾದುದು. ಸಿಂಹಳದ ಜಿರ್ಕಾನ್ ಹರಳಿನಲ್ಲಿ ಈ ಧಾತುವನ್ನು ಜರ್ಮನಿಯ ಕ್ಲಾಪ್ರೋಟ್ ೧೭೮೯ರಲ್ಲಿ ಗುರುತಿಸಿದನು. (ಜಿರ್ಕಾನೇ ನಮ್ಮ ಗೋಮೇದಕವೆಂದು ಕೆಲವರು ಬರೆಯುವರು. ಇಂದಿನ ರತ್ನವರ್ತಕರು ಗೋಮೇದವೆಂದು ಮಾರುವುದು ಬಹುಮಟ್ಟಿಗೆ ಗಾರ್ನೆಟ್ಟಿನ ಒಂದು ಜಾತಿಯಾದ್ದರಿಂದ ಈ ಸಮೀಕರಣವನ್ನು ನಾನು ಹಿಡಿಯಲಾರೆ.) ಇದರ ಆಕ್ಸೈಡಿನ ಹರಳುಗಳು ತಂಪಿನಲ್ಲಿ ಒಂದು ಆಕಾರದಲ್ಲಿಯೂ ಕಾವಿನಲ್ಲಿ ಮತ್ತೊಂದು ಆಕಾರದಲ್ಲಿಯೂ ಇರುವ ಸ್ವಭಾವದವು, ಮೊದಲನೆಯದು ಏಕನತ, ಎರಡನೆಯದು ಚತುಷ್ಕೋನೀಯ. ಯಿಟ್ರಿಯ ಎಂಬ ಮತ್ತೊಂದು ಆಕ್ಸೈಡನ್ನು ನೂರಕ್ಕೆ ೩ರಷ್ಟು ಅಣುಪ್ರಮಾಣದಲ್ಲಿ ಬೆರೆಸಿದರೆ ಕಾವಿನ ಆಕಾರವೇ ತಂಪಿನಲ್ಲಿಯೂ ಒತ್ತಾಯದಿಂದ ನಿಲ್ಲುವುದು. ಈಗ ಬಿರುಕೊಂದು ಬಂದಿತೆನ್ನೋಣ. ಅದರ ತುದಿಯ ಎಳೆತದಿಂದ ಅಲ್ಲಿಯ ಹರಳುಗಳಿಗೆ ಬಂಧಮೋಕ್ಷವಾಗಿ ಅವು ತಮ್ಮ ಸಹಜಾಕಾರಕ್ಕೆ ತಿರುಗುವುವು. ಹಾಗೆ ತಿರುಗುವಾಗ ಗಾತ್ರದಲ್ಲಿ ನೂರಕ್ಕೆ ನಾಲ್ಕೈದರಷ್ಟು ಉಬ್ಬುವುವು. ಆ ಉಬ್ಬು ಬಿರುಕಿನ ಬಾಯನ್ನು ಹಿಸುಕಿ ಮುಚ್ಚುವುದು. ಬಿರುಕನ್ನು ತಡೆಯುವ ಬಲವನ್ನು ಬಿರುಕೇ ಎಬ್ಬಿಸಿದಂತಾಯಿತು. ಗಾರ್ವಿ, ಹ್ಯಾನಿಂಕ್, ಪ್ಯಾಸ್ಕೋ ಎಂಬ ಮೂವರು ೧೯೭೫ರಲ್ಲಿ ಇದನ್ನು ಪ್ರಕಟಿಸಿದಾಗ ಈ ದ್ರವ್ಯವನ್ನು ಉಕ್ಕಿಗೆ ಹೋಲಿಸಿದ್ದು ಅತಿಶಯೋಕ್ತಿಯೇನೂ ಅಲ್ಲ.

ಇದರ ಕೆಲಸವು ಕುಂಬಾರನಿಗೆ ಸುಲಭವಾಗಿ ತಿಳಿಯುವಂತಹುದು. ಪೂರ್ತಿಯಾಗಿ ಸುಡದ ಜಿರ್ಕೋನಿಯದ ಬಿಲ್ಲೆ ಬಳಪದಂತೆ ಮೆದುವಾಗಿರುವುದು. ಯಂತ್ರವು ಅದರಿಂದ ಕಿರೀಟವನ್ನು ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆಯುವುದು. ಬಳಿಕ ಸುಮಾರು ೧೫೦೦ ಡಿಗ್ರಿಯಲ್ಲಿ ಸುಟ್ಟಾಗ ನೂರಕ್ಕೆ ೨೦ರಿಂದ ೨೫ರಷ್ಟು ಕುಗ್ಗಿ ಅಳತೆಗೆ ಬರುವುದು. ಸುಡುವ ಕ್ರಮ ಕೆಟ್ಟರೆ ದ್ರವ್ಯವೂ ಕೆಡುವುದು. ಸೊಂಟದ ಕೀಲಿಗಾಗಿ ಮಾಡಿದ ಜಿರ್ಕೋನಿಯದ ಗುಂಡುಗಳು ೨೦೦೧ರ ಸುಮಾರಿನಲ್ಲಿ ಅನೇಕ ರೋಗಿಗಳಲ್ಲಿ ಒಡೆದುದಕ್ಕೆ ಕುಲುಮೆಯ ಕ್ರಮದಲ್ಲಿ ಮಾಡಿದ ಬದಲಾವಣೆಯನ್ನು ಕಾರಣವಾಗಿ ಹೇಳುವರು.

ಇಷ್ಟು ಬಲವಿರುವಾಗ ಆಯ್ಕೆಯೆಲ್ಲಿ ಉಳಿಯಿತು, ಎಲ್ಲರೂ ಜಿರ್ಕೋನಿಯವನ್ನೇ ಹಾಕಿಸಿಕೊಳ್ಳಬಾರದೇ ಎಂದು ನಾನೂ ಕೇಳಿದೆನು. ಇಲ್ಲಿಯೇ ಒಂದೇ ಶಬ್ದವು ಹಲವು ಅರ್ಥಗಳನ್ನು ಹೊತ್ತು ಮೋಸಮಾಡುವುದು. ಗಟ್ಟಿಜಾತಿಯ ಜಿರ್ಕೋನಿಯವು ಬೆಳಕನ್ನು ಒಳಗೆ ಬಿಡದೆ ಸುಣ್ಣದಂತೆ ಬೆಳ್ಳಗೆ ಕಾಣುವುದರಿಂದ, ಮೊದಮೊದಲು ಅದನ್ನು ಒಳಟೋಪಿಯಾಗಿ ಮಾಡಿ ಮೇಲೆ ಹಲ್ಲಿನ ಬಣ್ಣದ ಹಳೆಯ ಪಿಂಗಾಣಿಯನ್ನು ಲೇಪಿಸುತ್ತಿದ್ದರು. ಒಳಗೆ ಉಕ್ಕು, ಹೊರಗೆ ಗಾಜು. ಅಗಿಯುವುದೋ ಹೊರಗಿನ ಗಾಜಿನ ಮೇಲೆ. ನನ್ನ ಬಲಗಡೆಯ ಮೇಲ್ದವಡೆಯ ಹಲ್ಲಿಗೆ ಎಂಟು ವರ್ಷಗಳ ಹಿಂದೆ ಬೇರೊಂದು ಊರಿನ ವೈದ್ಯಶಾಲೆಯಲ್ಲಿ ತೊಡಿಸಿದುದು ಇಂತಹುದೇ. ಎರಡು ವರ್ಷ ಕಳೆಯುವುದರೊಳಗೆ ಊಟದ ನಡುವೆ ಅದರ ಒಂದು ಚಕ್ಕೆ ಹಾರಿಹೋಯಿತು. ನಾನು ಅದನ್ನು ಅನ್ನದ ಕಲ್ಲೆಂದು ತಿಳಿದು ಮನೆಯವಳನ್ನು ಆಕ್ಷೇಪಿಸಿದೆನು. ಆ ಮಾತನ್ನು ಆಕೆ ಇನ್ನೂ ಮರೆತಿಲ್ಲ. ಈ ಚಕ್ಕೆ ಹಾರುವ ದೋಷವನ್ನು ಕಂಡೇ ಈಗ ದವಡೆಗೆ ಲೇಪವಿಲ್ಲದ, ಪೂರ್ತಿ ಒಂದೇ ದ್ರವ್ಯದ ಕಿರೀಟವನ್ನು ಆಯುವುದು ಹೆಚ್ಚಾಗಿದೆ. ಬೆಳಕನ್ನು ಹೆಚ್ಚು ಬಿಡಲೆಂದು ಯಿಟ್ರಿಯದ ಪಾಲನ್ನು ೫ಕ್ಕೆ ಏರಿಸಿದ ಜಾತಿಯೂ ಬಂದಿದೆ. ಅದು ನೋಡಲು ಚೆನ್ನ. ಆದರೆ ಆಕಾರ ಬದಲಿಸುವ ಹರಳುಗಳು ಅದರಲ್ಲಿ ಕಡಿಮೆಯಾಗಿ ಬಲವು ಗಟ್ಟಿಜಾತಿಯ ಅರ್ಧಕ್ಕೆ ಸಮೀಪವಾಗಿ ಇಳಿಯುವುದುಂಟು. ಎರಡಕ್ಕೂ ಅಂಗಡಿಯಲ್ಲಿ ಹೆಸರು ಜಿರ್ಕೋನಿಯವೇ. ಆದುದರಿಂದ ಹೆಸರನ್ನಲ್ಲ, ಅದರ ವಿಶೇಷಣವನ್ನು ಕೇಳತಕ್ಕದ್ದು.

ಎದುರುಹಲ್ಲಿನ ಸವೆತವು ಮತ್ತೊಂದು ಶಂಕೆ. ಗಟ್ಟಿಯಾದುದು ಮೆದುವಾದುದನ್ನು ತೇಯುವುದು ಲೋಕನ್ಯಾಯವಷ್ಟೆ. ಆದರೆ ಪರೀಕ್ಷೆಗಳಲ್ಲಿ ಕಂಡುದು ಬೇರೆ: ಕನ್ನಡಿಯಂತೆ ನಯಮಾಡಿದ ಜಿರ್ಕೋನಿಯವು ಎದುರಿನ ದಂತವಲ್ಕವನ್ನು ಲೇಪದ ಪಿಂಗಾಣಿಗಿಂತಲೂ ಕಡಿಮೆಯಾಗಿ ಸವೆಸುವುದು. ತೇಯುವುದು ಗಟ್ಟಿತನವಲ್ಲ, ಒರಟುತನ. ಕಿರೀಟವನ್ನು ಕೂರಿಸಿದ ಮೇಲೆ ಎತ್ತರವಾಯಿತೆಂದು ವಜ್ರದ ಕಣಗಳ ಸಾಧನದಿಂದ ಕೆರೆದು, ಮತ್ತೆ ನಯಮಾಡದೆ ಕಳುಹಿಸಿದರೆ ಅದು ಬಾಯೊಳಗಿನ ಸಾಣೆಕಲ್ಲೇ ಆಗುವುದು. ನನ್ನ ಹಳೆಯ ಕಿರೀಟವನ್ನು ಹೀಗೆಯೇ ಕೆರೆದು ಬಿಟ್ಟಿದ್ದರು. ಅದರ ಎದುರಿನ ಕೆಳಹಲ್ಲಿನ ನೆತ್ತಿಯಲ್ಲಿ ದಂತವಲ್ಕವು ಸವೆದು ಹಳದಿಯ ದಂತಧಾತು ಕಾಣಿಸುತ್ತಿರುವುದನ್ನು ವೈದ್ಯೆಯು ಕೈಗನ್ನಡಿಯಲ್ಲಿ ತೋರಿಸಿದಾಗ ನನಗೆ ಹಾರಿದ ಚಕ್ಕೆಗಿಂತ ಹೆಚ್ಚಿನ ವ್ಯಸನವಾಯಿತು. ಕೃತಕವನ್ನು ಮತ್ತೆ ಮಾಡಿಸಬಹುದು.

ಹಾಗಾದರೆ ಗಾಜುಪಿಂಗಾಣಿಯ ಹೆಚ್ಚಳವೇನೆಂದರೆ, ಅಂಟು. ಅದರಲ್ಲಿ ಗಾಜು ಇರುವುದರಿಂದ ಒಳಮೈಗೆ ಹೈಡ್ರೋಫ್ಲೋರಿಕ್ ಆಮ್ಲವನ್ನು ೨೦ ಸೆಕೆಂಡುಗಳ ಕಾಲ ಹಚ್ಚಿದರೆ ಗಾಜು ಕರಗಿ ಹರಳುಗಳು ಮೇಲೆದ್ದು ನಿಲ್ಲುವುವು. ಆ ಒರಟುಮೈಗೆ ಸಿಲೇನ್ ಎಂಬ ಮಧ್ಯವರ್ತಿಯನ್ನು ಸವರಿ ರಾಳದ ಗಾರೆಯಿಂದ ಹಲ್ಲಿಗೆ ಕೂಡಿಸಿದರೆ ಹಲ್ಲೂ ಕಿರೀಟವೂ ಏಕಶರೀರವಾಗುವುವು. ಜಿರ್ಕೋನಿಯದಲ್ಲಿ ಗಾಜಿಲ್ಲ, ಆ ಆಮ್ಲವು ಅದನ್ನು ಹಾಗೆ ಕೊರೆಯದು. ಅಲ್ಯೂಮಿನದ ನುಣ್ಮರಳನ್ನು ಊದಿ, ಎಂ.ಡಿ.ಪಿ. ಎಂಬ ಫಾಸ್ಫೇಟ್ ದ್ರವ್ಯವಿರುವ ಅಂಟನ್ನು ಬಳಸಬೇಕು. ನಡುವೆ ಎಂಜಲು ತಾಕಿದರೆ ಅದರೊಳಗಿನ ಫಾಸ್ಫೇಟುಗಳು ಆ ಸ್ಥಾನವನ್ನು ಮೊದಲೇ ಆಕ್ರಮಿಸಿಬಿಡುವುವು. ಆದರೂ ಉಳಿದ ಹಲ್ಲು ಸುಮಾರು ೪ ಮಿಲಿಮೀಟರಿನಷ್ಟು ಎತ್ತರವಾಗಿದ್ದು ಗೋಡೆಗಳು ನೆಟ್ಟಗಿದ್ದರೆ ಜಿರ್ಕೋನಿಯವು ಸಾಧಾರಣ ಗಾರೆಯಿಂದಲೇ ನಿಲ್ಲಬಲ್ಲದು. ಗಿಡ್ಡ ಹಲ್ಲಿಗೆ ಅಂಟೇ ಗತಿ. ಅಂಟಿಗೋ ಒಣಗಿದ ಸ್ಥಳವೇ ಗತಿ.

ದಪ್ಪದ ಲೆಕ್ಕವೂ ಉಂಟು. ಲಿಥಿಯಂ ಡೈಸಿಲಿಕೇಟಿಗೆ ಅಗಿಯುವ ಮೈಯಲ್ಲಿ ೧.೫ ಮಿಲಿಮೀಟರಿನಷ್ಟು ದಪ್ಪ ಬೇಕೆನ್ನುವರು. ಚೆನ್ನಾಗಿ ಅಂಟಿಸಿದಲ್ಲಿ ೧ ಸಾಕೆಂಬ ಮತವಿದೆ. ಗಟ್ಟಿಜಿರ್ಕೋನಿಯಕ್ಕೆ ೧ ಧಾರಾಳವಾಗಿ ಸಾಕು, ಕೆಲವರು ೦.೫ಕ್ಕೂ ಇಳಿಯುವರು. ದಪ್ಪ ಹೆಚ್ಚಾದಷ್ಟೂ ಇರುವ ಹಲ್ಲನ್ನು ಹೆಚ್ಚು ಕೆತ್ತಬೇಕು. ಕೆತ್ತಿದ ಮೂಲೆಗಳು ಮಾತ್ರ ಯಾವ ಪಿಂಗಾಣಿಗಾದರೂ ದುಂಡಾಗಿರಬೇಕು. ಚೂಪಾದ ಮೂಲೆಯೇ ಬಿರುಕಿನ ತವರು.

ಇವೆಲ್ಲ ಪ್ರಯೋಗಶಾಲೆಯ ಮಾತು. ಬಾಯೊಳಗೆ ಏನಾಯಿತೆಂಬುದಕ್ಕೆ ೨೦೧೫ರಲ್ಲಿ ಪ್ರಕಟವಾದ ಸಮೀಕ್ಷೆಯೊಂದನ್ನು ವೈದ್ಯೆಯು ತೋರಿಸಿದಳು. ಐದು ವರ್ಷಗಳ ಬಳಿಕ ಉಳಿದ ಕಿರೀಟಗಳು ನೂರಕ್ಕೆ ಇಷ್ಟು: ಲೋಹದ ಮೇಲೆ ಪಿಂಗಾಣಿಯವು ೯೪.೭, ಲೂಸೈಟ್ ಅಥವಾ ಲಿಥಿಯಂ ಡೈಸಿಲಿಕೇಟಿನವು ೯೬.೬, ಹಳೆಯ ಪಿಂಗಾಣಿಯವು ೯೦.೭, ಜಿರ್ಕೋನಿಯದವು ೯೨.೧. ಕೊನೆಯ ಅಂಕೆಯು ನನ್ನನ್ನು ಗಲಿಬಿಲಿಗೊಳಿಸಿತು. ಅಲ್ಲಿ ಎಣಿಸಿದುದು ಹೆಚ್ಚಾಗಿ ಲೇಪವುಳ್ಳ ಹಳೆಯ ಕ್ರಮದವೆಂದು ಆಕೆ ಹೇಳಿದ ಮೇಲೆ ಸಮಾಧಾನವಾಯಿತು. ನಿದ್ರೆಯಲ್ಲಿ ಹಲ್ಲು ಕಡಿಯುವವರಿಗೆ ಈ ಅಂಕೆಗಳನ್ನು ಹಾಗೆಯೇ ಅನ್ವಯಿಸಲಾಗದು. ಅಂತಹವರಿಗೆ ರಾತ್ರಿ ತೊಡುವ ಮೆದುವಾದ ಅಥವಾ ಗಟ್ಟಿಯಾದ ಕಾಪು ಬೇರೆ ಬೇಕಾಗಬಹುದು. ನಗುವಾಗ ಕಾಣದ ಕಟ್ಟಕಡೆಯ ಹಲ್ಲಿಗೆ ಚಿನ್ನವು ಇಂದಿಗೂ ಉತ್ತಮವೆಂಬುದನ್ನು ಆಕೆ ಅಲ್ಲಗಳೆಯಲಿಲ್ಲ. ಬೆಲೆಯನ್ನು ಕೇಳಿ ನಾನೇ ಅಲ್ಲಗಳೆದೆನು.

ಹದಿನಾರನೆಯ ದಿನ ನನ್ನ ಪಕ್ಷವನ್ನು ಹೀಗೆ ಮಂಡಿಸಿದೆನು. ನನ್ನ ಹಲ್ಲಿನಲ್ಲಿ ಉಳಿದಿರುವ ಎತ್ತರವು ೪ ಮಿಲಿಮೀಟರಿಗೆ ಕಡಿಮೆಯಿಲ್ಲ. ಎದುರುಹಲ್ಲಿಗೂ ಅದಕ್ಕೂ ನಡುವಣ ತೆರಪು ಒಂದಕ್ಕಿಂತ ಸ್ವಲ್ಪವೇ ಹೆಚ್ಚು. ಹುಳುಕು ವಸಡಿನ ಕೆಳಗೆ ಇಳಿದಿದ್ದುದರಿಂದ ಅಂಚು ಒಣಗಿ ನಿಲ್ಲದು. ಹಲ್ಲು ಹಿಂದೆ ಇರುವುದರಿಂದ ಬಣ್ಣದ ಚಿಂತೆಯಿಲ್ಲ. ಆದುದರಿಂದ ಲೇಪವಿಲ್ಲದ, ೩ರ ಪ್ರಮಾಣದ ಗಟ್ಟಿಜಿರ್ಕೋನಿಯ. ಕೆರೆದರೆ ಕೂಡಲೇ ನಯಮಾಡತಕ್ಕದ್ದು. ಆಕೆ ನಕ್ಕು, ತಾನೂ ಅದನ್ನೇ ಬರೆದಿಟ್ಟಿದ್ದ ಚೀಟಿಯನ್ನು ತೋರಿಸಿದಳು. ಕಿರೀಟವನ್ನು ಕೂರಿಸಿ, ತೆಳುವಾದ ನೀಲಿಯ ಕಾಗದವನ್ನು ಕಚ್ಚಿಸಿ, ಗುರುತು ಬಿದ್ದ ಎರಡು ಕಡೆ ಕೆರೆದು, ಕೆರೆದುದಕ್ಕಿಂತ ಹೆಚ್ಚು ಹೊತ್ತು ನಯಮಾಡಿದಳು. ನಾಲಗೆಗೆ ಅದು ಈಗ ಪಕ್ಕದ ಹಲ್ಲಿಗಿಂತ ನುಣುಪು. ಬಲಗಡೆಯ ಒಡೆದ ಕಿರೀಟವನ್ನು ತೆಗೆದ ಮೇಲೆ ಅಲ್ಲಿ ಹಲ್ಲು ಎಷ್ಟು ಉಳಿದಿರುವುದೆಂಬುದು ತಿಳಿಯಬೇಕು. ಅದು ಗಿಡ್ಡವಾಗಿದ್ದರೆ ಅಲ್ಲಿಗೆ ಗಾಜುಪಿಂಗಾಣಿಯನ್ನೇ ಅಂಟಿಸಬೇಕಾದೀತೆಂದು ಆಕೆಯ ಅಭಿಪ್ರಾಯ. ಬರುವ ತಿಂಗಳು ಅದನ್ನು ತೆಗೆಯುವುದೆಂದು ನಿಶ್ಚಯವಾಗಿದೆ.