ಎದೆನೋವು ಬಂದರೆ ‘ಗ್ಯಾಸ್’ ಅಂತ ಕಾಯಬೇಡಿ!



ನಮ್ಮೆಲ್ಲರ ಎದೆಯೊಳಗೆ ಮುಷ್ಟಿಯಷ್ಟು ದೊಡ್ಡ ಒಂದು ಪಂಪು ಇದೆ. ಅದೇ ಹೃದಯ. ನಿಮಿಷಕ್ಕೆ ಸುಮಾರು 72 ಸಲ, ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ನಾವು ಮಲಗಿದರೂ ಅದಕ್ಕೆ ರಜೆ ಇಲ್ಲ. ಇಂಥ ಹೃದಯಕ್ಕೆ ಆಘಾತವಾದರೆ ಏನು ಮಾಡಬೇಕು ಎಂಬುದು ದೊಡ್ಡವರಿಗೆ ಮಾತ್ರವಲ್ಲ, ನಮಗೂ ಗೊತ್ತಿರಬೇಕು. ಯಾಕೆಂದರೆ ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ಅಜ್ಜ ಅಜ್ಜಿ ಜೊತೆ ಮನೇಲಿ ಇರೋದು ನಾವೇ ತಾನೆ?

ಹೃದಯಾಘಾತ ಎಂದರೇನು?

ಹೃದಯ ಇಡೀ ದೇಹಕ್ಕೆ ರಕ್ತ ಕಳಿಸುತ್ತದೆ. ಅದಕ್ಕೂ ರಕ್ತ ಬೇಕಲ್ಲ? ಅದಕ್ಕೆಂದೇ ಬೇರೆ ಸಣ್ಣ ರಕ್ತನಾಳಗಳಿವೆ. ವರ್ಷಗಟ್ಟಲೆ ಅವುಗಳ ಒಳಗೋಡೆಯಲ್ಲಿ ಕೊಬ್ಬು ಸೇರುತ್ತಾ ಬರುತ್ತದೆ. ಒಂದು ದಿನ ಆ ಕೊಬ್ಬಿನ ಪದರ ಬಿರುಕು ಬಿಟ್ಟು, ಅಲ್ಲಿ ರಕ್ತ ಹೆಪ್ಪುಗಟ್ಟಿ, ದಾರಿ ಮುಚ್ಚಿಹೋಗುತ್ತದೆ. ಕಾಲುವೆ ಕಟ್ಟಿಕೊಂಡರೆ ಪೈರು ಒಣಗುವ ಹಾಗೆ, ರಕ್ತ ಸಿಗದ ಹೃದಯದ ಸ್ನಾಯು ಸಾಯತೊಡಗುತ್ತದೆ. ಒಣಗಿದ ಪೈರಿಗೆ ಆಮೇಲೆ ನೀರು ಬಿಟ್ಟು ಏನು ಫಲ? ಅದಕ್ಕೇ ಡಾಕ್ಟರುಗಳು ಮೊದಲ ಒಂದು ಗಂಟೆಯನ್ನು ‘ಸುವರ್ಣ ಗಂಟೆ’ ಎನ್ನುತ್ತಾರೆ.

ಗುರುತಿಸುವುದು ಹೇಗೆ?

1. ಎದೆಯ ನಡುವೆ ಹಿಂಡಿದಂತೆ, ಭಾರ ಇಟ್ಟಂತೆ ನೋವು.
2. ಎಡಗೈ, ಭುಜ, ಕುತ್ತಿಗೆ, ದವಡೆ ಅಥವಾ ಬೆನ್ನಿಗೆ ನೋವು ಹರಡುವುದು.
3. ತಣ್ಣನೆ ಬೆವರು, ಉಸಿರಾಟಕ್ಕೆ ಕಷ್ಟ, ವಾಕರಿಕೆ, ತಲೆಸುತ್ತು.

ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಕೆಲವು ಸಲ ಎದೆನೋವೇ ಇರಲ್ಲ. ಬರೀ ಸುಸ್ತು, ಉಸಿರು ಕಟ್ಟುವುದು ಇರಬಹುದು.

ನಮ್ಮ ಕಡೆ ಎದೆ ಹಿಡಿದುಕೊಂಡರೆ ಸಾಕು, ‘ಗ್ಯಾಸ್ ಇರಬೇಕು, ಸೋಡಾ ಕುಡಿ, ಸರಿ ಹೋಗುತ್ತೆ’ ಅಂತಾರೆ. ಗ್ಯಾಸೋ ಹೃದಯವೋ ಅಂತ ಮನೇಲಿ ಕೂತು ಹೇಳೋಕೆ ಆಗಲ್ಲ. ಇ.ಸಿ.ಜಿ., ರಕ್ತಪರೀಕ್ಷೆ ಮಾಡಿ ಡಾಕ್ಟರೇ ಹೇಳಬೇಕು. ಗ್ಯಾಸೇ ಆಗಿದ್ದರೆ ನಗುತ್ತಾ ವಾಪಸ್ ಬರಬಹುದು. ಅಲ್ಲದಿದ್ದರೆ ಜೀವ ಉಳಿಯುತ್ತದೆ.

ಅಪ್ಪು ಹೆಸರಿನ ಯೋಜನೆ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಹೃದಯದ ತೊಂದರೆ ಮುದುಕರಿಗೆ ಮಾತ್ರ ಅನ್ನುವ ಮಾತು ಸುಳ್ಳು ಅಂತ ಅವತ್ತು ನಾಡಿಗೆಲ್ಲ ಗೊತ್ತಾಯಿತು. ಆಮೇಲೆ ನಮ್ಮ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ತಂದಿತು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಹೊರಗೆ ಅದಕ್ಕೆ ಸಾವಿರಾರು ರೂಪಾಯಿ.

ನಮ್ಮ ಉಲ್ಲಾಳದವರೂ ಇದನ್ನು ತಿಳಿಯಬೇಕು. ಬನ್ನೇರುಘಟ್ಟ ರಸ್ತೆಯ ಜಯದೇವ ಆಸ್ಪತ್ರೆಗೆ ನಾಯಂಡಹಳ್ಳಿ, ಬನಶಂಕರಿ ದಾಟಿ ಹೋಗಬೇಕು. ಸಂಜೆ ಟ್ರಾಫಿಕ್‌ನಲ್ಲಿ ಸುವರ್ಣ ಗಂಟೆ ರಸ್ತೆಯಲ್ಲೇ ಮುಗಿದುಹೋಗಬಹುದು. ಆದ್ದರಿಂದ ಮೊದಲು ಇ.ಸಿ.ಜಿ. ಮತ್ತು ತುರ್ತು ಚಿಕಿತ್ಸೆ ಇರುವ ಹತ್ತಿರದ ಆಸ್ಪತ್ರೆ ಸೇರಬೇಕು.

ತಕ್ಷಣ ಏನು ಮಾಡಬೇಕು?

1. 108ಕ್ಕೆ ಫೋನ್ ಮಾಡಿ, ಗುರುತಿನ ಜಾಗ ಸ್ಪಷ್ಟವಾಗಿ ಹೇಳಿ. ಪಕ್ಕದ ಮನೆಯವರನ್ನು ಕೂಗಿ.
2. ರೋಗಿಯನ್ನು ಒರಗಿಸಿ ಕೂರಿಸಿ. ನಡೆಸಬೇಡಿ, ಮೆಟ್ಟಿಲು ಹತ್ತಿಸಬೇಡಿ. ಬೈಕು ಓಡಿಸಲು ಬಿಡಲೇಬೇಡಿ.
3. ಬಿಗಿಯಾದ ಬಟ್ಟೆ ಸಡಿಲಿಸಿ. ಗುಂಪು ಕಟ್ಟಬೇಡಿ.
4. ಡಾಕ್ಟರು ಅಥವಾ 108ರವರು ಹೇಳಿದರೆ ಮಾತ್ರ ಆಸ್ಪಿರಿನ್ ಮಾತ್ರೆ ಅಗಿಯಲು ಕೊಡಿ.
5. ಕುಸಿದು ಬಿದ್ದು, ಕರೆದರೆ ಓಗೊಡದೆ, ಉಸಿರಾಟ ಸರಿಯಾಗಿ ಇಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು 2 ಅಂಗುಲ ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಸಹಾಯ ಬರುವವರೆಗೂ ನಿಲ್ಲಿಸಬಾರದು. ಇದೇ ಸಿ.ಪಿ.ಆರ್.

ಇದು ಬರೀ ಓದಿ ಬರುವ ವಿದ್ಯೆ ಅಲ್ಲ. ತರಬೇತಿ ಪಡೆದವರನ್ನು ಒಮ್ಮೆ ಶಾಲೆಗೆ ಕರೆಸಿ ಬೊಂಬೆಯ ಮೇಲೆ ಕಲಿಸಬೇಕೆಂದು ಗುರುಗಳಲ್ಲಿ ವಿನಂತಿ.

ಬಾರದಂತೆ ತಡೆಯುವುದು ಹೇಗೆ?

ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡಬೇಕು. ಉಪ್ಪು ದಿನಕ್ಕೆ ಒಂದು ಟೀ ಚಮಚಕ್ಕಿಂತ ಕಡಿಮೆ ಇರಲಿ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್‌ನಲ್ಲಿರುವ ಉಪ್ಪೂ ಲೆಕ್ಕಕ್ಕೆ ಬರುತ್ತದೆ. ಬೋಂಡಾ, ಬೇಕರಿ ತಿಂಡಿ ಅಪರೂಪಕ್ಕೆ ಸಾಕು. ಮುದ್ದೆ, ಸೊಪ್ಪಿನ ಸಾರು, ಕಾಳು, ಹಣ್ಣು ಒಳ್ಳೆಯದು. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. 30 ವರ್ಷ ದಾಟಿದವರು ಬಿ.ಪಿ., ಶುಗರ್ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇದು ಉಚಿತ. ‘ಈಗ ಆರಾಮಾಗಿದ್ದೀನಿ’ ಅಂತ ಬಿ.ಪಿ. ಮಾತ್ರೆಯನ್ನು ತಾವಾಗೇ ನಿಲ್ಲಿಸಬಾರದು.

ಗೆಳೆಯರೇ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ. ಇವತ್ತು ಸಂಜೆಯೇ ‘ಇ.ಸಿ.ಜಿ. ಇರುವ ಹತ್ತಿರದ ಆಸ್ಪತ್ರೆ ಯಾವುದು? ರಾತ್ರಿಯೂ ತೆರೆದಿರುತ್ತಾ?’ ಅಂತ ಮನೇಲಿ ಕೇಳಿ. ಆ ಹೆಸರನ್ನೂ 108 ಅನ್ನೂ ದಪ್ಪಕ್ಷರದಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ.

ಬೇಗ ಗುರುತಿಸಿ, ಬೇಗ ಕರೆಯಿರಿ, ಜೀವ ಉಳಿಸಿ!

– 9ನೇ ತರಗತಿ ವಿದ್ಯಾರ್ಥಿಗಳು, ಉಲ್ಲಾಳ