ರೋಮಿನ ಕಥೆ, ಫ್ರೆಂಚ್ ಹೆಂಗಸರ ಒಡವೆ

1789ರ ಸೆಪ್ಟೆಂಬರ್ 7ರಂದು ವರ್ಸೇಲ್ಸ್‌ನಲ್ಲಿ ಸೇರಿದ್ದ ಫ್ರಾನ್ಸಿನ ರಾಷ್ಟ್ರೀಯ ಸಭೆಗೆ ಹನ್ನೊಂದು ಮಂದಿ ಹೆಂಗಸರು ಬಂದರು. ಎಲ್ಲರದ್ದೂ ಬಿಳಿಯ ಉಡುಪು. ಜೊತೆಗೆ ತಂದಿದ್ದ ಪೆಟ್ಟಿಗೆಯಲ್ಲಿ ಇದ್ದದ್ದು ಅವರದೇ ಒಡವೆ. ಬರಿದಾಗಿದ್ದ ಬೊಕ್ಕಸಕ್ಕೆ ಅದನ್ನು ಒಪ್ಪಿಸಿದ ಇವರು ಪ್ಯಾರಿಸ್ಸಿನ ಕಲಾವಿದರ ಮನೆಯವರು. ಶಿಲ್ಪಿ ಮುವಾತ್‌ನ ಹೆಂಡತಿ ಅಡೆಲಾಯ್ಡ್ ಮುಂದಾಳು. ವರ್ಣಚಿತ್ರಕಾರರಾದ ಡಾವಿಡ್, ಫ್ರಾಗೊನಾರ್ ಅವರ ಹೆಂಡತಿಯರೂ ಬಂದಿದ್ದರು.

ಈ ಕಾಣಿಕೆಯ ಮಾದರಿ ಪ್ರಾಚೀನ ರೋಮಿನದು. ಸೇನಾನಿ ಕಮಿಲಸ್ ಅಪೊಲೊ ದೇವರಿಗೆ ಹೊತ್ತ ಹರಕೆ ತೀರಿಸಲು ಚಿನ್ನ ಸಾಲದೆ ಹೋದಾಗ, ಅಲ್ಲಿನ ಗೃಹಿಣಿಯರು ಮೈಮೇಲಿನ ಒಡವೆ ಬಿಚ್ಚಿಕೊಟ್ಟರೆಂದು ಇತಿಹಾಸಕಾರ ಲಿವಿಯೂ ಜೀವನಚರಿತ್ರೆಕಾರ ಪ್ಲೂಟಾರ್ಕನೂ ಬರೆದಿದ್ದಾರೆ. ಲಿವಿಯ ಪ್ರಕಾರ ಅದಕ್ಕೆ ಸಿಕ್ಕ ಮರ್ಯಾದೆ ಹಬ್ಬಹರಿದಿನಗಳಲ್ಲೂ ಉಳಿದ ದಿನಗಳಲ್ಲೂ ಬಂಡಿ ಏರಿ ಹೋಗುವ ಹಕ್ಕು, ಅಷ್ಟೇ.

18ನೇ ಶತಮಾನದ ಓದುಗರಿಗೆ ಇಂಥ ಕಥೆಗಳು ಬಾಯಿಪಾಠ. ಕಲಾವಿದರ ಮನೆಗಳಲ್ಲಂತೂ ರೋಮ್ ಅನ್ನ ಕೊಡುವ ವಿಷಯ. ಡಾವಿಡ್ ಅದೇ ವರ್ಷ ಪ್ರದರ್ಶಿಸಿದ ‘ಬ್ರೂಟಸ್’ ಚಿತ್ರದಲ್ಲಿ, ರೋಮ್ ಗಣರಾಜ್ಯಕ್ಕೆ ದ್ರೋಹ ಬಗೆದ ಮಕ್ಕಳಿಗೆ ಮರಣದಂಡನೆ ವಿಧಿಸಿದ ತಂದೆ ನೆರಳಲ್ಲಿ ಕಲ್ಲಿನಂತೆ ಕುಳಿತಿದ್ದಾನೆ. ಬೆಳಕು ಬಿದ್ದಿರುವುದು ಗೋಳಾಡುವ ಹೆಂಗಸರ ಮೇಲೆ, ಮೇಜಿನ ಮೇಲಿನ ಹೊಲಿಗೆ ಬುಟ್ಟಿಯ ಮೇಲೆ. ರಾಜ್ಯದ ಹೊಣೆ ಗಂಡಸಿಗೆ, ಕಣ್ಣೀರು ಹೆಂಗಸಿಗೆ ಎಂಬ ಹಂಚಿಕೆ ಚಿತ್ರದಲ್ಲೇ ಇದೆ.

ಆ ಹಂಚಿಕೆಯ ಇಕ್ಕಟ್ಟು ಮದಾಮ್ ರೋಲಾಂ ಬದುಕಿನಲ್ಲಿ ಎದ್ದು ಕಾಣುತ್ತದೆ. 1754ರಲ್ಲಿ ಹುಟ್ಟಿದ ಆಕೆ ಎಳೆಯ ಹುಡುಗಿಯಾಗಿದ್ದಾಗ ಚರ್ಚಿಗೆ ಪ್ರಾರ್ಥನಾ ಪುಸ್ತಕದ ಬದಲು ಪ್ಲೂಟಾರ್ಕನನ್ನು ಒಯ್ಯುತ್ತಿದ್ದಳಂತೆ. ದೊಡ್ಡವಳಾದ ಮೇಲೆ ಕ್ರಾಂತಿಕಾಲದ ರಾಜಕಾರಣಿಗಳಾದ ಜಿರೊಂಡಿನ್ ಬಣದವರು ಆಕೆಯ ಮನೆಯಲ್ಲೇ ಸೇರಿ ಚರ್ಚಿಸುತ್ತಿದ್ದರು. ತಾನು ಬೇರೆಯೇ ಕುಳಿತು ಹೊಲಿಗೆ ಹಾಕುತ್ತಲೋ ಪತ್ರ ಬರೆಯುತ್ತಲೋ ತುಟಿ ಬಿಚ್ಚದೆ ಕೇಳುತ್ತಿದ್ದೆ ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ. ಇದನ್ನು ಪೂರ್ತಿ ನಂಬುವುದು ಕಷ್ಟ: ಗೃಹಮಂತ್ರಿಯಾಗಿದ್ದ ಗಂಡ 1792ರ ಜೂನ್‌ನಲ್ಲಿ ದೊರೆಗೆ ಕಳಿಸಿದ ಖಾರವಾದ ಪತ್ರವನ್ನು ಬರೆದವಳು ಅವಳೇ.

ಕೊಡುವ ಕೈಯನ್ನು ಹೊಗಳಿದ ಫ್ರೆಂಚ್ ಕ್ರಾಂತಿ, ಕೇಳುವ ಬಾಯನ್ನು ಸಹಿಸಲಿಲ್ಲ. 1791ರಲ್ಲಿ ಲೇಖಕಿ ಒಲಿಂಪ್ ದ ಗೂಜ್ ಮಹಿಳೆಯರ ಹಕ್ಕುಗಳ ಘೋಷಣೆಯನ್ನು ಪ್ರಕಟಿಸಿದಳು. 1793ರ ಮೇ ತಿಂಗಳಲ್ಲಿ ಪೋಲಿನ್ ಲಿಯೋನ್, ಕ್ಲೇರ್ ಲಕೊಂಬ್ ಸೇರಿ ಹೆಂಗಸರದೇ ಕ್ರಾಂತಿಕಾರಿ ಸಂಘ ಕಟ್ಟಿದರು. ಅದೇ ವರ್ಷದ ಅಕ್ಟೋಬರ್ 30ರಂದು ಸರ್ಕಾರ ಮಹಿಳಾ ಸಂಘಗಳನ್ನೆಲ್ಲ ನಿಷೇಧಿಸಿತು. ಹೆಣ್ಣಿನ ಸ್ವಭಾವವೇ ರಾಜಕೀಯಕ್ಕೆ ಒಗ್ಗದು ಎಂಬುದು ಸಭೆಯಲ್ಲಿ ವರದಿ ಮಂಡಿಸಿದ ಅಮಾರ್‌ನ ವಾದ. ನವೆಂಬರ್ 3ರಂದು ಗೂಜ್, 8ರಂದು ರೋಲಾಂ ಗಿಲೊಟಿನ್‌ಗೆ ತಲೆಕೊಟ್ಟರು. ಫ್ರೆಂಚ್ ಮಹಿಳೆಯರಿಗೆ ಮತದಾನದ ಹಕ್ಕು ಬಂದದ್ದು 1944ರಲ್ಲಿ.