ಊರಿಗೊಂದು ಬಿಯರ್, ಹೊತ್ತಿಗೊಂದು ಊಟ

ಜರ್ಮನಿಗೆ ಹೊರಟವರು ಕೇಳುವ ಮೊದಲ ಪ್ರಶ್ನೆ, ‘ಅಲ್ಲಿ ಯಾವ ಬಿಯರ್ ಚೆನ್ನಾಗಿರುತ್ತೆ?’ ಇದಕ್ಕೆ ನೆಟ್ಟಗಿನ ಉತ್ತರವಿಲ್ಲ. ಆ ದೇಶದಲ್ಲಿ 1,400ಕ್ಕೂ ಹೆಚ್ಚು ಬ್ರೂವರಿಗಳಿವೆ. ಅವುಗಳಲ್ಲಿ ಬಹಳಷ್ಟರ ಬಿಯರ್ ಪಕ್ಕದ ಜಿಲ್ಲೆಯನ್ನೂ ದಾಟುವುದಿಲ್ಲ. ಆದ್ದರಿಂದ ಕೇಳಬೇಕಾದ್ದು ಬೇರೆ: ‘ಈ ಊರಲ್ಲಿ ಕುದಿಸುವುದು ಯಾವುದು? ಇವತ್ತು ಯಾರ ಬಾಗಿಲು ತೆರೆದಿದೆ?’ ಎರಡನೆಯದು ಮೊದಲನೆಯದಕ್ಕಿಂತ ಮುಖ್ಯ. ಮೊಬೈಲಿನ ನಕ್ಷತ್ರಗಳ ಲೆಕ್ಕಕ್ಕಿಂತ ಗಡಿಯಾರ ಮತ್ತು ಕ್ಯಾಲೆಂಡರು ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಮ್ಯೂನಿಕ್‌ನ ಬಿಳಿ ಸಾಸೇಜನ್ನೇ ನೋಡಿ. ವೈಸ್‌ವುರ್ಸ್ಟ್ ಎಂಬ ಈ ತಿಂಡಿಯನ್ನು ಹೊಗೆ ಹಾಕಿ ಹದಮಾಡುವುದಿಲ್ಲ. ಫ್ರಿಜ್ ಇಲ್ಲದ ಕಾಲದಲ್ಲಿ ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನಕ್ಕೆ ಕೆಡುತ್ತಿತ್ತು; ಹನ್ನೆರಡರ ಗಂಟೆ ಬಾರಿಸುವುದರೊಳಗೆ ತಿಂದು ಮುಗಿಸಬೇಕೆಂಬ ಕಟ್ಟಳೆ ಹುಟ್ಟಿತು. ಈಗ ಫ್ರಿಜ್ ಇದೆ, ಕಟ್ಟಳೆಯೂ ಇದೆ. ಬಿಸಿನೀರಿನ ಬಟ್ಟಲಲ್ಲಿ ತೇಲುತ್ತ ಬರುವ ಅದನ್ನು ಸಿಪ್ಪೆ ಸುಲಿದು, ಸಿಹಿ ಸಾಸಿವೆ ಹಚ್ಚಿ, ಪ್ರೆಟ್ಸೆಲ್ ಜೊತೆ ತಿನ್ನುತ್ತಾರೆ. ಪಕ್ಕದಲ್ಲಿ ಗೋಧಿ ಬಿಯರ್, ಅದೂ ಬೆಳಿಗ್ಗೆ ಹತ್ತಕ್ಕೆ! ಸಂಜೆ ಆರಕ್ಕೆ ಇದನ್ನೇ ಕೊಡುವ ಹೊಟೇಲು ಪ್ರವಾಸಿಗರಿಗಾಗಿಯೇ ಇರುವ ಹೊಟೇಲು ಎಂದು ತಿಳಿದರೆ ಹೆಚ್ಚಾಗಿ ತಪ್ಪಾಗದು.

ಮ್ಯೂನಿಕ್‌ನ ಹೋಫ್‌ಬ್ರೌಹೌಸ್ 1589ರಷ್ಟು ಹಳೆಯದು. ಒಮ್ಮೆ ಇಣುಕಿ, ವಾದ್ಯಮೇಳ ಕೇಳಿ ಹೊರಬರಲು ಅಡ್ಡಿಯಿಲ್ಲ. ಆದರೆ ಅಲ್ಲಿನ ಬೇಸಿಗೆಯ ನಿಜವಾದ ಸುಖ ಬಿಯರ್ ತೋಟಗಳಲ್ಲಿದೆ. 1539ರ ಬಾವೇರಿಯಾದ ಕಾನೂನು ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಬಿಯರ್ ಕುದಿಸಲು ಬಿಟ್ಟಿತ್ತು. ಬೇಸಿಗೆಗೆ ಬೇಕಾದದ್ದನ್ನು ಮೊದಲೇ ಮಾಡಿ, ನೆಲಮಾಳಿಗೆಯಲ್ಲಿ ತಂಪಾಗಿ ಕಾಪಾಡಬೇಕು. ನೆಲ ಕಾಯದಿರಲೆಂದು ಮೇಲೆ ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ಮರದಡಿ ಬೆಂಚು ಬಿದ್ದವು, ಜನ ಬಂದರು, ಊರೊಳಗಿನ ಹೊಟೇಲಿನವರು ದೂರು ಒಯ್ದರು. 1812ರಲ್ಲಿ ದೊರೆ ಮ್ಯಾಕ್ಸಿಮಿಲಿಯನ್ ಒಂದು ರಾಜಿ ಮಾಡಿದ: ಬ್ರೂವರಿಯವರು ಅಲ್ಲಿ ಬಿಯರ್ ಮತ್ತು ಬ್ರೆಡ್ ಮಾರಬಹುದು, ಅಡುಗೆ ಮಾರಕೂಡದು. ಸರಿ, ಜನ ಬುತ್ತಿ ಕಟ್ಟಿಕೊಂಡು ಬರತೊಡಗಿದರು. ಈಗ ಅಡುಗೆಯನ್ನೂ ಮಾರುತ್ತಾರೆ, ಆದರೂ ಬುತ್ತಿಯ ಪದ್ಧತಿ ಉಳಿದಿದೆ. ಬಟ್ಟೆ ಹಾಸದ ಮೇಜು ಹುಡುಕಿ ಕುಳಿತು, ಪಾನೀಯವನ್ನು ಮಾತ್ರ ಅಲ್ಲೇ ಕೊಂಡರೆ ಆಯಿತು. ಚಪಾತಿ, ಚಟ್ನಿಪುಡಿ ಬಿಚ್ಚಿದರೂ ಯಾರೂ ಹುಬ್ಬೇರಿಸುವುದಿಲ್ಲ. ಪಕ್ಕದ ಮೇಜಿನವರು ರುಚಿ ನೋಡಲು ಕೇಳಿದರೆ ಸ್ವಲ್ಪ ಹೆಚ್ಚಿಗೆ ಇಟ್ಟುಕೊಂಡಿರಿ.

ಇಷ್ಟಾದರೂ, ನನ್ನನ್ನು ಕೇಳಿದರೆ ಮ್ಯೂನಿಕ್‌ಗೆ ಕೊಡುವ ದಿನಗಳಲ್ಲಿ ಅರ್ಧವನ್ನು ಉತ್ತರದ ಫ್ರಾಂಕೋನಿಯಾಕ್ಕೆ ಕೊಡಿ ಎನ್ನುತ್ತೇನೆ. ಅದೂ ಆಡಳಿತದ ಲೆಕ್ಕದಲ್ಲಿ ಬಾವೇರಿಯಾವೇ. ಅಲ್ಲಿನವರೆದುರು ಹಾಗೆನ್ನದಿರುವುದು ಒಳ್ಳೆಯದು. ನ್ಯೂರೆಂಬರ್ಗ್‌ನಿಂದ ಮುಕ್ಕಾಲು ಗಂಟೆಯ ರೈಲು ದಾರಿಯಲ್ಲಿ ಬಾಂಬೆರ್ಗ್ ಸಿಗುತ್ತದೆ. ಹಳೆಯ ಊರು 1993ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ನದಿಯ ನಡುವೆ ಸೇತುವೆಯ ಮೇಲೆ ನಿಂತ ಹಳೆಯ ಪುರಭವನದ ಫೋಟೊ ತೆಗೆದುಕೊಂಡಾದ ಮೇಲೆ, ಡೊಮಿನಿಕಾನರ್ ಬೀದಿಯ ಶ್ಲೆಂಕರ್ಲಾಕ್ಕೆ ಹೋಗಿ. ಕಪ್ಪುಗಟ್ಟಿದ ಮರದ ತೊಲೆಗಳು, ಉದ್ದನೆಯ ಮೇಜುಗಳು, ಮರದ ಪೀಪಾಯಿಯಿಂದ ನೇರ ಗ್ಲಾಸಿಗೆ ಇಳಿಯುವ ಕಡುಕಂದು ಬಿಯರ್. ಮೂಗಿಗೆ ಹತ್ತಿರ ತಂದ ಕೂಡಲೇ ಹೊಗೆ ಹಾಕಿದ ಹಂದಿಮಾಂಸದ ವಾಸನೆ! ಗ್ಲಾಸಿನಲ್ಲಿ ಮಾಂಸದ ಚೂರೂ ಇಲ್ಲ, ಸಸ್ಯಾಹಾರಿಗಳು ಹೆದರಬೇಕಿಲ್ಲ. ಮೊಳಕೆ ಬಂದ ಬಾರ್ಲಿಯನ್ನು ಬೀಚ್ ಮರದ ಕಟ್ಟಿಗೆ ಉರಿಸಿ, ಆ ಹೊಗೆಯಲ್ಲೇ ಒಣಗಿಸುತ್ತಾರೆ.

ಇದು ಯಾರೋ ಹೊಸದಾಗಿ ಹೂಡಿದ ಗಿಮಿಕ್ ಅಲ್ಲ. ಕಟ್ಟಿಗೆ ಒಲೆಯಲ್ಲಿ ಮಾಲ್ಟ್ ಒಣಗಿಸುತ್ತಿದ್ದ ಕಾಲದಲ್ಲಿ ಯುರೋಪಿನ ಎಷ್ಟೋ ಬಿಯರ್‌ಗಳಲ್ಲಿ ಹೊಗೆಯ ಘಾಟು ಇದ್ದೇ ಇರುತ್ತಿತ್ತು. ಬೆಂಕಿ ಒಂದು ಕಡೆ, ಬಿಸಿಗಾಳಿ ಮಾತ್ರ ಕಾಳಿಗೆ ಎಂಬ ಗೂಡು ಬಂದ ಮೇಲೆ ಎಲ್ಲರೂ ಹೊಗೆ ಬಿಟ್ಟರು. ಬಾಂಬೆರ್ಗ್‌ನಲ್ಲಿ ಶ್ಲೆಂಕರ್ಲಾ ಮತ್ತು ಶ್ಪೆಟ್ಸಿಯಾಲ್ ಎಂಬ ಎರಡು ಮನೆಗಳು ಬಿಡಲಿಲ್ಲ. ಮೊದಲ ಗುಟುಕಿಗೆ ಮುಖ ಹಿಂಡುವವರೇ ಹೆಚ್ಚು. ನಾಲಿಗೆ ಒಗ್ಗುವುದು ಎರಡನೆಯ ಗ್ಲಾಸಿನ ಅರ್ಧಕ್ಕೆ ಬಂದಾಗ. ನೇರವಾಗಿ ಅಷ್ಟು ಹೊಗೆ ಬೇಡವೆನ್ನುವವರು ನದಿಯಾಚೆಯ ಶ್ಪೆಟ್ಸಿಯಾಲ್‌ನಿಂದ ಶುರುಮಾಡಬಹುದು. ಅಲ್ಲಿ ಹೊಗೆ ಮೆದು. 1536ರಿಂದ ನಡೆದುಬಂದ ಆ ಮನೆಯಲ್ಲಿ ತಂಗಲು ಕೋಣೆಗಳೂ ಇವೆ.

ಊಟಕ್ಕೆ ಕೇಳಬೇಕಾದ್ದು ಶೊಯ್ಫರ್ಲಾ. ಹಂದಿಯ ಭುಜದ ಮಾಂಸವನ್ನು ಮೂಳೆ ಸಮೇತ ಗಂಟೆಗಟ್ಟಲೆ ಒಲೆಯಲ್ಲಿ ಬೇಯಿಸುತ್ತಾರೆ. ಮೇಲಿನ ಚರ್ಮ ಹಪ್ಪಳವಾಗಬೇಕು, ಒಳಗಿನದು ಫೋರ್ಕು ತಾಗಿದರೆ ಬಿಡಬೇಕು. ಜೊತೆಗೆ ಆಲೂಗಡ್ಡೆಯ ದೊಡ್ಡ ಉಂಡೆ ‘ಕ್ಲೋಸ್’, ಅದು ಮುಳುಗುವಷ್ಟು ಸಾರು. ಮುದ್ದೆ ಮುರಿದು ಅದ್ದಿ ಉಂಡು ಬೆಳೆದವರಿಗೆ ಇದರಲ್ಲಿ ಕಲಿಯುವಂಥದ್ದೇನೂ ಇಲ್ಲ, ನುಂಗುವ ಬದಲು ಅಗಿಯಬೇಕು ಅಷ್ಟೆ. ಹಳ್ಳಿಗಳಲ್ಲಿ ಇದು ಭಾನುವಾರ ಮಧ್ಯಾಹ್ನದ ಅಡುಗೆ. ಹನ್ನೊಂದೂವರೆಗೆ ಹೋದರೆ ಸಿಗುತ್ತದೆ. ಒಂದೂವರೆಗೆ ಹೋದರೆ ಮೆನು ಹಲಗೆಯ ಮೇಲೆ ಆ ಸಾಲನ್ನು ಒರೆಸಿರುತ್ತಾರೆ. ಹಾಗೆ ಒರೆಸುವ ಮನೆಗಳನ್ನೇ ನಂಬಬೇಕು. ಹೊತ್ತಿಲ್ಲದ ಹೊತ್ತಿನಲ್ಲಿ, ಎಂಟು ಭಾಷೆಗಳಲ್ಲಿ, ಫೋಟೊ ಸಮೇತ ಎಪ್ಪತ್ತು ಬಗೆ ಬರೆದುಕೊಂಡ ಕಡೆ ಅಡುಗೆ ಎಲ್ಲಿಂದ ಬರುತ್ತದೆಂದು ಊಹಿಸುವುದು ಕಷ್ಟವಲ್ಲ.

ಬಾಂಬೆರ್ಗ್‌ನಿಂದ ಪೂರ್ವಕ್ಕೆ ಔಫ್‌ಸೆಸ್ ಎಂಬ ಗ್ರಾಮವಿದೆ. ಜನಸಂಖ್ಯೆ ಸುಮಾರು 1,300, ಬ್ರೂವರಿ ನಾಲ್ಕು. ತಲೆಲೆಕ್ಕದಲ್ಲಿ ಬ್ರೂವರಿ ಹೆಚ್ಚಿರುವ ಊರೆಂದು 2000ದಲ್ಲಿ ಗಿನ್ನೆಸ್ ದಾಖಲೆಗೂ ಹೋಯಿತು. ನಾಲ್ಕನ್ನೂ ಕೂಡಿಸುವ ಸುಮಾರು 14 ಕಿಲೊಮೀಟರಿನ ಕಾಲುದಾರಿ ಹೊಲ, ಕಾಡುಗಳ ನಡುವೆ ಸುತ್ತುತ್ತದೆ. ಅದರಲ್ಲಿ ಕಾಟಿಬ್ರೌ ಎಂಬಲ್ಲಿ ಭಾನುವಾರ ಮೋಟರ್‌ಬೈಕಿನವರ ಜಾತ್ರೆ. ಬಸ್ಸು ಅಪರೂಪ. ಕಾರು ಓಡಿಸುವವರು ಕುಡಿಯುವ ಆಸೆ ಬಿಡಬೇಕು. ಎರಡೂ ಆಗಬೇಕೆಂದರೆ ಆ ಊರಲ್ಲೇ ರಾತ್ರಿ ಉಳಿಯಿರಿ.

ಪಶ್ಚಿಮಕ್ಕೆ ಬಂದರೆ ರೀತಿಯೇ ಬೇರೆ. ಕಲೋನ್‌ನಲ್ಲಿ ಸಿಗುವುದು ಕ್ಯೋಲ್ಶ್: ತೆಳು ಹಳದಿ, ಇನ್ನೂರು ಮಿಲಿಲೀಟರಿನ ನೀಳ ಗ್ಲಾಸು. ಸಪ್ಲೈಯರನಿಗೆ ಅಲ್ಲಿ ಕ್ಯೋಬೆಸ್ ಎಂಬ ಹೆಸರು. ನೀಲಿ ಏಪ್ರನ್ ಕಟ್ಟಿ, ಬಾಯಿಗೆ ಬಂದಂತೆ ಚುಡಾಯಿಸುತ್ತ ಓಡಾಡುತ್ತಾನೆ. ಖಾಲಿ ಗ್ಲಾಸು ಕಂಡರೆ ಕೇಳದೆಯೇ ತುಂಬಿದ್ದನ್ನಿಟ್ಟು, ಕೆಳಗಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗೀಟು ಎಳೆದು ಹೋಗುತ್ತಾನೆ. ಸಾಕೆನಿಸಿದಾಗ ಆ ರಟ್ಟನ್ನು ಗ್ಲಾಸಿನ ಮೇಲೆ ಮುಚ್ಚಬೇಕು. ಇದು ಗೊತ್ತಿಲ್ಲದವರ ಬಿಲ್ಲು ಬೆಳೆಯುತ್ತಲೇ ಇರುತ್ತದೆ. ಅರ್ಧ ಗಂಟೆಯ ರೈಲಿನಾಚೆ ಡ್ಯುಸೆಲ್‌ಡಾರ್ಫ್. ಅಲ್ಲಿ ತಾಮ್ರದ ಬಣ್ಣದ, ಕಹಿಯಾದ ಆಲ್ಟ್. ಈ ಊರಲ್ಲಿ ಕುಳಿತು ಆ ಊರಿನದನ್ನು ಕೇಳಬೇಡಿ. ಎರಡನ್ನೂ ಒಂದೇ ದಿನ ರುಚಿ ನೋಡಿದ ನನಗೆ ಆಲ್ಟ್ ಮೇಲೇ ಒಲವು. ಅದರಲ್ಲೂ 1862ರಲ್ಲಿ ಶುರುವಾದ ‘ಊರಿಗೆ’ ಎಂಬ ಬ್ರೂವರಿಯದರ ಕಹಿ ನಾಲಿಗೆಯಲ್ಲಿ ನಿಲ್ಲುತ್ತದೆ.

ಬೆಂಗಳೂರಿನ ವಿಮಾನ ಇಳಿಯುವ ಫ್ರಾಂಕ್‌ಫರ್ಟ್‌ನಲ್ಲಂತೂ ಬಿಯರ್ ಕೇಳುವುದಕ್ಕಿಂತ ಸೇಬಿನ ವೈನ್ ಕೇಳುವುದು ಸರಿ. ಬೂದುಬಣ್ಣದ, ನೀಲಿ ಚಿತ್ತಾರದ ಹೂಜಿಯಲ್ಲಿ ಬರುತ್ತದೆ, ಹುಳಿ ಹುಳಿ. ವಸಂತದಲ್ಲಿ ಅದರ ಜೊತೆ ಏಳು ಬಗೆಯ ಸೊಪ್ಪು ಹಚ್ಚಿ ಮಾಡಿದ ಹಸಿರು ಸಾಸ್, ಬೇಯಿಸಿದ ಮೊಟ್ಟೆ, ಆಲೂಗಡ್ಡೆ. ಮಾಂಸ ತಿನ್ನದವರಿಗೆ ಜರ್ಮನಿಯಲ್ಲಿ ಇಂಥ ಸ್ಥಳೀಯ ಊಟಗಳು ಜನ ಅಂದುಕೊಂಡಷ್ಟು ಕಡಿಮೆಯಿಲ್ಲ. ಕಚೇರಿ ಕೆಲಸಕ್ಕೆಂದು ಸ್ಟುಟ್‌ಗಾರ್ಟ್‌ಗೆ ಹೋಗಿಬರುವ ನಮ್ಮ ಎಂಜಿನಿಯರುಗಳಲ್ಲಿ ಹಲವರು ಸಂಜೆಯಾದರೆ ಇಂಡಿಯನ್ ಹೊಟೇಲು ಹುಡುಕುತ್ತಾರೆ. ಚೀಸು ಸುರಿದು ಹುರಿದ ಈರುಳ್ಳಿ ಹರಡಿದ, ಮೊಟ್ಟೆ-ಮೈದಾದ ಶ್ಪೆಟ್ಸ್‌ಲೆ ಅದೇ ಬೀದಿಯಲ್ಲಿ ಸಿಗುತ್ತದೆ. ಎಚ್ಚರ ಬೇಕಾದದ್ದು ಆಲೂಗಡ್ಡೆ ಹುರಿದದ್ದು, ಬೇಳೆ ಬೇಯಿಸಿದ್ದು ಇವುಗಳಲ್ಲಿ. ಹಂದಿಕೊಬ್ಬಿನ ಚೂರುಗಳು ಅಡಗಿರುತ್ತವೆ, ‘ಓನೆ ಶ್ಪೆಕ್’ ಎಂದು ಹೇಳಿಯೇ ಆರ್ಡರ್ ಮಾಡಬೇಕು. ಏಪ್ರಿಲ್‌ನಿಂದ ಜೂನ್ 24ರವರೆಗೆ ಹೋದರೆ ಬಿಳಿ ಆಸ್ಪರಾಗಸ್ ತಪ್ಪಿಸಬೇಡಿ. ಆ ದಿನಕ್ಕೆ ಕೊಯ್ಲು ನಿಲ್ಲಿಸುತ್ತಾರೆ, ಮುಂದಿನ ವರ್ಷಕ್ಕೆ ಬೇರು ಚೇತರಿಸಿಕೊಳ್ಳಲಿ ಎಂದು.

ಕೆಲವು ರೂಢಿಗಳು ಎಲ್ಲ ಕಡೆಗೂ ಸಲ್ಲುತ್ತವೆ. ವಾರಕ್ಕೊಂದೋ ಎರಡೋ ದಿನ ಹೊಟೇಲಿಗೆ ರಜೆ, ಬಾಗಿಲಲ್ಲಿ ‘ರೂಹೆಟಾಗ್’ ಎಂದು ಬರೆದಿರುತ್ತದೆ. ಎಷ್ಟೋ ಹಳ್ಳಿಗಳಲ್ಲಿ ಮಧ್ಯಾಹ್ನ ಎರಡರಿಂದ ಐದರವರೆಗೆ ಒಲೆ ಆರಿರುತ್ತದೆ. ‘ಸ್ಟಾಮ್‌ಟಿಶ್’ ಎಂಬ ಫಲಕವಿರುವ ಮೇಜು ಊರಿನ ಖಾಯಂ ಗಿರಾಕಿಗಳದ್ದು, ಅಲ್ಲಿ ಕೂರಬಾರದು. ಉಳಿದ ಮೇಜುಗಳಲ್ಲಿ ಅಪರಿಚಿತರ ಪಕ್ಕ ‘ಜಾಗ ಇದೆಯಾ’ ಎಂದು ಕೇಳಿ ಕೂರುವುದು ಸಹಜ, ಒಳ್ಳೆಯ ಸಲಹೆಗಳು ಸಿಗುವುದೂ ಅಲ್ಲೇ. ಜೇಬಲ್ಲಿ ನೋಟು ಇರಲಿ. ಕಾರ್ಡು ತೆಗೆದುಕೊಳ್ಳದ ಮನೆಗಳು ಇನ್ನೂ ಇವೆ.

ಕ್ಯಾಲೆಂಡರಿನ ಹುಚ್ಚು ತುದಿಗೇರಿರುವುದು ಜೆಕ್ ಗಡಿಯ ಹತ್ತಿರ, ವಿಂಡಿಶ್‌ಎಶೆನ್‌ಬಾಖ್ ಸುತ್ತಮುತ್ತ. ಅಲ್ಲಿ ಊರಿಗೆಲ್ಲ ಒಂದೇ ಭಟ್ಟಿಮನೆ, ಕಟ್ಟಿಗೆ ಒಲೆಯದು. ಹಕ್ಕುಳ್ಳ ಮನೆತನಗಳು ಸರದಿಯಲ್ಲಿ ಅಲ್ಲಿ ಕುದಿಸಿ, ತಂತಮ್ಮ ಮನೆಯ ನೆಲಮಾಳಿಗೆಗೆ ಒಯ್ದು ಹುದುಗಿಸುತ್ತವೆ. ಈ ಬಿಯರ್‌ಗೆ ತ್ಸೋಯ್ಗಲ್ ಎಂದು ಹೆಸರು. ಸರದಿ ಬಂದ ಮನೆ ಆರು ಮೂಲೆಯ ನಕ್ಷತ್ರವೊಂದನ್ನು ಹೊರಗೆ ತೂಗುಹಾಕಿ, ಕೆಲವು ದಿನ ಬಾಗಿಲು ತೆರೆಯುತ್ತದೆ. ಬ್ರೆಡ್ಡು, ಸಾಸೇಜು, ಚೀಸಿನ ತಣ್ಣನೆ ತಟ್ಟೆ ಮನೆಯವರೇ ತಂದಿಡುತ್ತಾರೆ. ಮುಂದಿನ ವಾರ ನಕ್ಷತ್ರ ಬೇರೆ ಮನೆಯಲ್ಲಿ. ಯಾವ ವಾರ ಯಾರ ಸರದಿ ಎಂಬ ವೇಳಾಪಟ್ಟಿ ಮೊದಲೇ ಪ್ರಕಟವಾಗುತ್ತದೆ. ರೈಲು ನಿಲ್ದಾಣವೂ ಊರಲ್ಲೇ ಇದೆ. ಟಿಕೆಟು ಮಾಡಿಸುವ ಮುಂಚೆ ಆ ಪಟ್ಟಿ ನೋಡಿಕೊಂಡು, ವಾಪಸು ಬರುವ ಕೊನೆಯ ರೈಲಿನ ಹೊತ್ತನ್ನು ಬರೆದಿಟ್ಟುಕೊಳ್ಳಿ.